ಬೆಲೆಂ ದಡದ ಘೇಂಡಾಮೃಗ

ಪೋರ್ಚುಗಲ್‌ಗೆ ಹೊರಟವರು ಏನು ನೋಡಬೇಕೆಂದು ಕೇಳಿದರೆ ನಾನು ಮೊದಲು ಹೇಳುವುದು ಬೆಲೆಂ. ಲಿಸ್ಬನ್ನಿನಲ್ಲಿ ತೇಜೊ ನದಿ ಕಡಲು ಸೇರುವ ಕಡೆಗಿರುವ ದಡ ಅದು. 1497ರಲ್ಲಿ ವಾಸ್ಕೋ ಡ ಗಾಮ ಹೊರಟದ್ದು ಅಲ್ಲಿಂದ. ಮರುವರ್ಷ ಊರಿನತ್ತ ಹೊರಡುವ ಮುನ್ನ ಅವನ ಹಡಗುಗಳು ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿದ್ದವು.

ಬೆಲೆಂನಲ್ಲಿರುವ ಜೆರೋನಿಮೋಸ್ ಮಠದ ಖರ್ಚು ಬಹುಪಾಲು ಹುಟ್ಟಿದ್ದು ಸಾಂಬಾರ ಪದಾರ್ಥಗಳ ಸುಂಕದಿಂದ. ಆ ವ್ಯಾಪಾರ ಶುರುವಾದದ್ದು ಮಲಬಾರಿನ ಮೆಣಸಿನಿಂದ. ಮುಂದೆ ನಮ್ಮ ಗೇರುಸೊಪ್ಪೆಯ ಮೆಣಸೂ ಅದೇ ಹಾದಿ ಹಿಡಿಯಿತು. ಅಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಮಠದ ಒಳಾಂಗಣದ ಕಂಬಗಳನ್ನು ಹತ್ತಿರ ಹೋಗಿ ನೋಡಿ: ಸುಣ್ಣಕಲ್ಲಿನಲ್ಲಿ ಹಡಗಿನ ಹಗ್ಗ ಹೊಸೆದಿದ್ದಾರೆ, ಎಲೆಬಳ್ಳಿ ಹಬ್ಬಿಸಿದ್ದಾರೆ. ಇಗರ್ಜಿಯೊಳಗೆ ಗಾಮನ ಸಮಾಧಿ, ಅದರ ಎದುರಿಗೆ ಕವಿ ಕಮೊಯಿಂಶನದು. (ಇಗರ್ಜಿ, ಪಾದ್ರಿ, ಚಾವಿ, ಬಟಾಟೆ ಎಲ್ಲ ಪೋರ್ಚುಗೀಸರು ಬಿಟ್ಟುಹೋದ ಮಾತುಗಳೇ.)

ಮಠದಿಂದ ಸ್ವಲ್ಪ ದೂರ ನಡೆದರೆ ನೀರಂಚಿನಲ್ಲಿ ಬೆಲೆಂ ಗೋಪುರ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ನೀವು ಮಾತ್ರ ಮೂಲೆಯ ಕಾವಲುಗೂಡುಗಳ ಬುಡ ಹುಡುಕಿ. ಒಂದರ ಕೆಳಗೆ ಗಾಳಿ ಮಳೆಗೆ ಸವೆದ ಘೇಂಡಾಮೃಗದ ತಲೆಯಿದೆ. ಗುಜರಾತಿನ ಸುಲ್ತಾನ ಕೊಟ್ಟ ಆ ಪ್ರಾಣಿ ಗೋವೆಯಿಂದ ಹಡಗೇರಿ 1515ರ ಮೇ ತಿಂಗಳಲ್ಲಿ ಲಿಸ್ಬನ್ ತಲುಪಿತು. ಪೋರ್ಚುಗೀಸರು ಅದನ್ನು ಕರೆದದ್ದೂ ನಮ್ಮ ಘೇಂಡಾದ ಹಾಗೆಯೇ ‘ಗಂಡ’ ಎಂದು. ದೊರೆ ಮನುವೆಲ್ ಅದನ್ನು ಪೋಪರಿಗೆ ಕಾಣಿಕೆಯಾಗಿ ಕಳಿಸಿದ. ಇಟಲಿಯ ಹತ್ತಿರ ಹಡಗು ಮುಳುಗಿ ಅದು ಸತ್ತಿತು. ಜರ್ಮನಿಯ ಡ್ಯೂರರ್ ಅದನ್ನು ಕಣ್ಣಾರೆ ನೋಡದೆಯೇ ಬರೆದ ಚಿತ್ರ ಯುರೋಪೆಲ್ಲ ಹರಡಿತು.

ಊರೊಳಗೆ ನನಗೆ ಮುಖ್ಯವೆನಿಸುವುದು ಕಾರ್ಮೊ ಇಗರ್ಜಿ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಇಗರ್ಜಿಗಳಲ್ಲಿ ಮೇಣದಬತ್ತಿ ಉರಿಯುತ್ತಿದ್ದ ಬೆಳಿಗ್ಗೆ ಭೂಕಂಪವಾಯಿತು. ಹಿಂದೆಯೇ ಕಡಲು ಉಕ್ಕಿತು, ಆಮೇಲೆ ಬೆಂಕಿ. ಕೆಳಪೇಟೆಯನ್ನು ಮಂತ್ರಿ ಪೊಂಬಾಲ್ ನೇರ ಬೀದಿಗಳಲ್ಲಿ ಮತ್ತೆ ಕಟ್ಟಿಸಿದ. ಕಾರ್ಮೊ ಇಗರ್ಜಿಗೆ ಮಾತ್ರ ಇವತ್ತಿಗೂ ಚಾವಣಿಯಿಲ್ಲ. ಕಮಾನುಗಳ ನಡುವೆ ಬರೀ ಆಕಾಶ. ಬಂಗಾರ ಬಳಿದ ಎಷ್ಟೋ ಇಗರ್ಜಿಗಳಿಗಿಂತ ಇದೇ ಮೇಲು ಎಂದು ನನ್ನ ಅಭಿಪ್ರಾಯ.

ಬಿಡುವಿದ್ದರೆ ಪೋರ್ತೊಗೆ ರೈಲು ಹಿಡಿಯಿರಿ, ಸಾವ್ ಬೆಂತೊ ನಿಲ್ದಾಣದ ನೀಲಿ ಹೆಂಚಿನ ಗೋಡೆಗಳಿಗಾಗಿ. ಚಳಿಗಾಲವಾದರೆ ನಜರೆ ಎಂಬ ಕಡಲೂರಿನ ಬೆಟ್ಟದಂಥ ಅಲೆಗಳನ್ನೂ ನೋಡಬಹುದು. ದಡದ ತೀರ ಹತ್ತಿರಕ್ಕೇ ಬರುವ ಆಳವಾದ ಕಡಲಕಮರಿ ಅವುಗಳನ್ನು ಅಷ್ಟೆತ್ತರ ಎಬ್ಬಿಸುತ್ತದೆ.

ಇನ್ನೊಂದು ಮಾತು: ಸೋಮವಾರ ಜೆರೋನಿಮೋಸ್ ಮಠದ ಬಾಗಿಲು ಹಾಕಿರುತ್ತದೆ. ಬೇರೆ ದಿನ, ಬೆಳಿಗ್ಗೆ ಬೇಗನೆ ಹೋಗಿ ಸಾಲು ಹಿಡಿಯಿರಿ.