ಮಗು ಬರೆಯುವ ಮೊದಲ ಪುಸ್ತಕ

(ಪ್ರಾಥಮಿಕ ಶಾಲಾ ಶಿಕ್ಷಕರ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎರಡನೆಯ ತರಗತಿಯ ಮಗುವಿಗೆ ‘ಬರೆ’ ಎಂದರೆ ಸಾಮಾನ್ಯವಾಗಿ ‘ನೋಡಿ ಬರೆ’ ಎಂದೇ ಅರ್ಥ. ಕಾಪಿ ಪುಸ್ತಕದ ತುಂಬ ಮುತ್ತಿನಂಥ ಅಕ್ಷರಗಳಿರುತ್ತವೆ. ಆದರೆ ಆ ಮಗುವಿನ ಸ್ವಂತದ್ದೊಂದು ವಾಕ್ಯ ಹುಡುಕಿದರೆ ಸಿಗುವುದಿಲ್ಲ. ಮನೆಯಲ್ಲಿ ದಖನಿಯನ್ನೋ ಬ್ಯಾರಿಯನ್ನೋ ಆಡುವ ಮಗುವಿನ ಪಾಡಂತೂ ಇನ್ನೂ ಕಷ್ಟ. ಹೇಳಲು ಬೇಕಾದಷ್ಟಿದ್ದರೂ ಕನ್ನಡದಲ್ಲಿ ತಡವರಿಸುತ್ತದೆ. ಅಷ್ಟಕ್ಕೇ ‘ದಡ್ಡ’ ಎಂಬ ಷರಾ ಬಿದ್ದುಬಿಡುತ್ತದೆ.

ಮಕ್ಕಳ ಮಾತನ್ನೇ ಪುಸ್ತಕ ಮಾಡುವ ಉಪಾಯ ಹೊಸದೇನಲ್ಲ. ಫ್ರಾನ್ಸಿನ ಹಳ್ಳಿ ಮೇಷ್ಟರಾದ ಸೆಲೆಸ್ತ್ಯಾಂ ಫ್ರೆನೆ 1920ರ ದಶಕದಲ್ಲಿ ತರಗತಿಗೆ ಪುಟ್ಟ ಮುದ್ರಣಯಂತ್ರವನ್ನೇ ತಂದರು. ಮಕ್ಕಳು ತಾವು ಬರೆದದ್ದಕ್ಕೆ ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ಇಂದು ಆ ಯಂತ್ರದ ಜಾಗದಲ್ಲಿ ಅಂತರ್ಜಾಲವಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ, ಉರ್ದು ಎರಡೂ ಭಾಷೆಗಳ ಮಕ್ಕಳ ಪುಸ್ತಕಗಳು ಉಚಿತವಾಗಿವೆ. ಮುಕ್ತ ಪರವಾನಗಿ ಇರುವುದರಿಂದ, ಮೂಲ ಲೇಖಕರ ಹಾಗೂ ಚಿತ್ರಕಾರರ ಹೆಸರು ಹಾಕಿ ಮುದ್ರಿಸಲೂ ಅನುವಾದಿಸಲೂ ಅಡ್ಡಿಯಿಲ್ಲ. ‘ಬುಕ್ ಕ್ರಿಯೇಟರ್’ ಎಂಬ ಇನ್ನೊಂದರಲ್ಲಿ ಚಿತ್ರ, ಬರಹದ ಜೊತೆಗೆ ಮಗುವಿನ ಧ್ವನಿಯನ್ನೂ ಪುಟಕ್ಕೆ ಸೇರಿಸಬಹುದು.

ಹಾಗೆಂದು ಆರು ವರ್ಷದ ಮಗುವನ್ನು ನೇರ ಕೀಲಿಮಣೆಯ ಮುಂದೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಒತ್ತಕ್ಷರ ಟೈಪ್ ಮಾಡುವುದು ದೊಡ್ಡವರಿಗೇ ತಲೆನೋವು! ಮೊದಲು ಮಗು ಚಿತ್ರ ಬಿಡಿಸಲಿ, ಅದರ ಬಗ್ಗೆ ಮಾತಾಡಲಿ. ಅದು ಹೇಳಿದ ವಾಕ್ಯವನ್ನು ಶಿಕ್ಷಕರು ಕರಿಹಲಗೆಯ ಮೇಲೆ ಬರೆಯಲಿ, ಮಗು ಅದನ್ನು ಚಿತ್ರದ ಕೆಳಗೆ ಕೈಯಾರೆ ಬರೆಯಲಿ. ಆ ಹಾಳೆಯ ಫೋಟೋವೇ ಪುಸ್ತಕದ ಪುಟ. ಇದೂ ನೋಡಿ ಬರೆಯುವುದೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಇಲ್ಲಿ ಮಗು ನೋಡುತ್ತಿರುವುದು ತನ್ನದೇ ಮಾತನ್ನು.

“ನಾನಿ ಮನೆಯಲ್ಲಿ ಬಕ್ರಿ ಮರಿ ಹಾಕಿದೆ” ಎಂದು ಮಗು ಹೇಳಿದರೆ ‘ನಾನಿ’ಯನ್ನು ಅಜ್ಜಿ ಮಾಡಬೇಡಿ. ‘ಬಕ್ರಿ’ ಆಡಾಗಲು ಕೂಡ ಅವಸರವಿಲ್ಲ. ಕ್ರಮೇಣ ಮಗು ಹಲಗೆ ನೋಡದೆ ಬರೆಯಲು ಹೊರಡುತ್ತದೆ. ಆಗ ಕಾಗುಣಿತ ತಪ್ಪುತ್ತದೆ. ಉರ್ದುವಿನಲ್ಲಿ ಹ್ರಸ್ವ ಸ್ವರಗಳ ಗುರುತನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಕನ್ನಡದಲ್ಲಿ ಬಿಡುವಂತಿಲ್ಲ. ಎರಡೂ ಲಿಪಿ ಕಲಿಯುವ ಮಗು ‘ಇ’ಕಾರ ನುಂಗಿದರೆ ಅದನ್ನು ಅಲಕ್ಷ್ಯವೆಂದು ತಿಳಿಯಬಾರದು. ಪುಟ ಸೇರಿಸುವ ಮುಂಚೆ ಜೊತೆಗೆ ಕೂತು ಗಟ್ಟಿಯಾಗಿ ಓದಿಸಿ, ತಾನೇ ತಿದ್ದಿಕೊಳ್ಳಲಿ. ಪುಸ್ತಕವಾಗುತ್ತದೆಂದು ಗೊತ್ತಿರುವಾಗ ಎರಡನೆಯ ಸಲ ಬರೆಯಲು ಮಕ್ಕಳು ಅಷ್ಟಾಗಿ ಬೇಸರಿಸುವುದಿಲ್ಲ.

ಎರಡು ಭಾಷೆಯ ಪುಸ್ತಕಕ್ಕೆ ಒಂದು ಸೊಗಸಿದೆ. ಉರ್ದು ಬಲದಿಂದ, ಕನ್ನಡ ಎಡದಿಂದ. ಎರಡು ಕಡೆಯಿಂದಲೂ ಕಥೆ ಆರಂಭಿಸಿ ನಡುವಿನ ಚಿತ್ರದಲ್ಲಿ ಕೂಡಿಸಬಹುದು.

ತಾಯಂದಿರ ಆತಂಕವೂ ನ್ಯಾಯವಾದದ್ದೇ. ತಾಣದಲ್ಲಿ ಪ್ರಕಟವಾದದ್ದನ್ನು ಯಾರು ಬೇಕಾದರೂ ನೋಡಬಹುದು. ಮಗುವಿನ ಮುಖದ ಫೋಟೋ, ಪೂರ್ಣ ಹೆಸರು, ಶಾಲೆಯ ವಿಳಾಸ ಬೇಡ. ಪೋಷಕರ ಒಪ್ಪಿಗೆಯಿಲ್ಲದೆ ಪ್ರಕಟಿಸಲೇಬೇಡಿ.

ಗಣಕಯಂತ್ರ ಕೊಠಡಿಯಿಲ್ಲದ ಶಾಲೆಗೆ ಶಿಕ್ಷಕರ ಒಂದು ಮೊಬೈಲು ಸಾಕು. ಕಪ್ಪು-ಬಿಳುಪಿನಲ್ಲಿ ಮುದ್ರಿಸಿ, ಮಡಚಿ, ನಡುವೆ ಪಿನ್ ಹೊಡೆಯಿರಿ. ಒಂದು ಪ್ರತಿ ಮನೆಗೆ, ನಾನಿ ನೋಡಲಿ. ಇನ್ನೊಂದು ಶಾಲಾ ಗ್ರಂಥಾಲಯಕ್ಕೆ. ಉಳಿದ ಪುಸ್ತಕಗಳಂತೆ ಅದಕ್ಕೂ ದಾಖಲೆ ಪುಸ್ತಕದಲ್ಲಿ ಒಂದು ಸಂಖ್ಯೆ ಕೊಡಿ.