ಗಂಡಭೇರುಂಡ ಹೊತ್ತ ಹಡಗು

ಹೊಲಿಗೆ ಬಲ್ಲವರು ಇಲ್ಲಿ ಎಷ್ಟೋ ಜನ ಇದ್ದೀರಿ. ಹಡಗನ್ನೇ ಹೊಲಿದ ಕಥೆ ಕೇಳಿ. ‘ಕೌಂಡಿನ್ಯ’ದ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಎಂಜಿನ್ನೂ ಇಲ್ಲ, ಗಾಳಿಯೇ ಗತಿ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ಅದು ನೌಕಾಪಡೆ ಸೇರಿತು. ಡಿಸೆಂಬರ್ 29ಕ್ಕೆ ಇಲ್ಲಿನ ಪೋರಬಂದರಿನಿಂದ ಹೊರಟು, ಸಂಕ್ರಾಂತಿಯ ದಿನ ಮಸ್ಕತ್ ಮುಟ್ಟಿತು. ಹಾಯಿಯ ಮೇಲೆ ಗಂಡಭೇರುಂಡ! ತವರಿನ ಲಾಂಛನ ಗಂಡನ ಮನೆಯ ಬಂದರಿನಿಂದ ಹೊರಟ ಹಾಗಾಯಿತು ನನಗೆ.

ಟಿವಿ ನೋಡುತ್ತಿದ್ದ ಮಗಳು, “ಅಮ್ಮಾ, ನಾನೂ ಹೋಗ್ಲಾ?” ಎಂದಳು. ‘ಹೆಣ್ಣುಮಕ್ಕಳಿಗೆ ಯಾಕೆ ಸಮುದ್ರ’ ಎನ್ನಲು ಬಾಯಿ ತೆರೆದೆ. ಆದರೆ 2017ರಲ್ಲಿ ಆರು ನೌಕಾಧಿಕಾರಿಣಿಯರು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, 254 ದಿನಗಳಲ್ಲಿ ಭೂಮಿ ಸುತ್ತಿ ಬಂದದ್ದು ನೆನಪಾಯಿತು.

“ಮೊದಲು ಈಜು ಕಲಿ” ಎಂದೆ. ಮರುದಿನವೇ ಈಜುಕೊಳದ ಫಾರ್ಮ್ ತಂದು ನನ್ನ ಮುಂದಿಟ್ಟಳು.