ನಂಬಿಕೆ ಎಲ್ಲರದು, ಹೊಣೆ ಒಬ್ಬೊಬ್ಬರದು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಹುಡುಗಾಟದ ಮಾತಲ್ಲ. ಈ ಸಂತೋಷದಲ್ಲಿ ನಮ್ಮನ್ನೂ ಕರೆದು ನಾಲ್ಕು ಮಾತಾಡಿ ಅಂದಿದ್ದೀರಿ, ವಂದನೆಗಳು. ನಾವು ಶಿವಮೊಗ್ಗ, ಭದ್ರಾವತಿ ಕಡೆ ವಿಮೆ, ಅಂಚೆ ಉಳಿತಾಯ, ಪಿಗ್ಮಿ ಅಂತ ಮನೆ ಮನೆ ತಿರುಗುವವರು. ಜನ ನಮ್ಮನ್ನು ಏಜೆಂಟರು ಅಂತಾರೆ, ಈಚೆಗೆ ಹಣಕಾಸು ಸಲಹೆಗಾರರು ಅಂತಲೂ ಕರೆಯುತ್ತಾರೆ. ಹೆಸರು ಏನೇ ಇರಲಿ, ಕೆಲಸ ಒಂದೇ: ಇನ್ನೊಬ್ಬರು ಬೆವರು ಸುರಿಸಿ ದುಡಿದ ದುಡ್ಡನ್ನು ಎಲ್ಲಿಡಬೇಕು ಎಂದು ಹೇಳುವುದು. ಆದ್ದರಿಂದ ಒಟ್ಟಾಗಿ ಕೆಲಸ ಮಾಡುವಾಗ ಒಬ್ಬೊಬ್ಬರ ಹೊಣೆ ಎಷ್ಟು ಎಂಬ ವಿಷಯವನ್ನೇ ಇಂದು ಆರಿಸಿಕೊಂಡಿದ್ದೇವೆ.

ಸಹಕಾರ ಎಂದ ಕೂಡಲೇ ಗದಗ ತಾಲ್ಲೂಕಿನ ಕಣಗಿನಹಾಳದ ನೆನಪು ಬರುತ್ತದೆ. 1904ರಲ್ಲಿ ಸಹಕಾರ ಕಾಯಿದೆ ಬಂತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಪತ್ತಿನ ಸಂಘ ಹುಟ್ಟಿತು. ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಅಂದರೆ ಸಂಘ ಮುಳುಗಿದರೆ ಹೋಗುವುದು ಷೇರಿನ ದುಡ್ಡು ಮಾತ್ರವಲ್ಲ, ಸದಸ್ಯನ ಸ್ವಂತ ಆಸ್ತಿಯೂ ಸಾಲಕ್ಕೆ ಬಾಧ್ಯ. ಹಾಗಿರುವಾಗ ಯಾರಿಗೆ ಸಾಲ ಕೊಟ್ಟರು, ಅವನು ಎತ್ತು ತಂದನೋ ಇಲ್ಲವೋ ಅಂತ ಊರೇ ಕಣ್ಣಿಡುತ್ತದೆ. ಈಗ ಬಹಳ ಸಂಘಗಳಲ್ಲಿ ಸದಸ್ಯನ ಹೊಣೆ ಅವನ ಷೇರಿಗೆ ಸೀಮಿತ. ಒಳ್ಳೆಯದೇ ಆಯಿತು. ಆದರೆ ಹೊಣೆ ಕಡಿಮೆಯಾಯಿತು ಅಂತ ನೋಡುವ ಕಣ್ಣೂ ಮುಚ್ಚಿದರೆ ಹೇಗೆ?

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಉದಾಹರಣೆ ಇದೆ. 2014ರಲ್ಲಿ ಶಿವಮೊಗ್ಗ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ನಗರ ಶಾಖೆಯಲ್ಲಿ ನಕಲಿ ಚಿನ್ನದ ಮೇಲೆ ಸಾಲ ಕೊಟ್ಟ ಪ್ರಕರಣ ಹೊರಬಿತ್ತು. ಮೊತ್ತ ಅರವತ್ತು ಕೋಟಿ ರೂಪಾಯಿಗೂ ಮೇಲು. ಹತ್ತು ವರ್ಷ ಕಳೆದ ಮೇಲೆ, 2025ರಲ್ಲೂ ಜಾರಿ ನಿರ್ದೇಶನಾಲಯದ ತನಿಖೆ ನಡೆಯುತ್ತಿತ್ತು. ಯಾರ ತಪ್ಪು ಎಷ್ಟು ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಯಾರ ಹೆಸರನ್ನೂ ಎತ್ತಲು ನಾವು ಬಂದಿಲ್ಲ. ಆದರೆ ಹಳ್ಳಿ ಸಂಘದ ಬೆಳೆಸಾಲ ಇಂಥ ಜಿಲ್ಲಾ ಬ್ಯಾಂಕಿನ ಮೂಲಕವೇ ಬರುವುದರಿಂದ, ಪಾಠ ನಮಗೂ ಬೇಕು.

ಚಿನ್ನದ ಸಾಲ ಹೇಗೆ ನಡೆಯುತ್ತದೆ ನೋಡಿ. ಚಿನ್ನ ಪರೀಕ್ಷಿಸುವವರು ಒರೆಗೆ ಹಚ್ಚಿ ಇದು ಚಿನ್ನವೇ ಎಂದು ಸಹಿ ಹಾಕಬೇಕು. ಗುಮಾಸ್ತರು ತೂಕ ನೋಡಿ ಬರೆಯಬೇಕು. ಮ್ಯಾನೇಜರು ಸಾಲ ಕೇಳಿದವರು ಯಾರು, ಎದುರಿಗಿದ್ದಾರೋ ಎಂದು ನೋಡಬೇಕು. ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬೊಬ್ಬರ ಸಹಿಯೂ ಒಂದೊಂದು ಪ್ರಶ್ನೆಗೆ ಉತ್ತರ. ನಾಲ್ವರೂ ತಮ್ಮ ಕಣ್ಣಿಂದ ನೋಡಿ ಸಹಿ ಹಾಕಿದರೆ ನಾಲ್ಕು ಕಾವಲು. "ಅವರು ಹಾಕಿದ್ದಾರಲ್ಲ" ಅಂತ ಉಳಿದವರು ಹಾಕಿದರೆ ಕಾಗದದ ಮೇಲೆ ನಾಲ್ಕು ಸಹಿ, ನಿಜವಾಗಿ ಕಾವಲು ಒಂದೇ. ಆ ಒಂದು ತಪ್ಪಿತೋ, ಎಲ್ಲವೂ ಹೋಯಿತು. ಒಗ್ಗಟ್ಟು ಅಂದರೆ ಒಬ್ಬರ ಹಿಂದೆ ಒಬ್ಬರು ಕಣ್ಣುಮುಚ್ಚಿ ನಡೆಯುವುದಲ್ಲ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಇನ್ನು ನಮ್ಮ ಕಸುಬಿನ ಮಾತು. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ ನಡೆಯಿತು, 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಊರು ಸಂಬಳದ ಮೇಲೆ ಬೆಳೆಯಿತು. ಸಂಬಳ ನಿಲ್ಲುವ ದಿನ ಪಿ.ಎಫ್., ಗ್ರಾಚ್ಯುಟಿ ಒಂದೇ ಸಲ ಕೈಗೆ ಬರುತ್ತದೆ. ಅಡಿಕೆ ಬೆಳೆಗಾರರಿಗೂ ಹಾಗೇ, ಮಂಡಿಯಲ್ಲಿ ಮಾಲು ಹೋದಾಗ ದೊಡ್ಡ ದುಡ್ಡು. ಆ ವಾರ ಮನೆ ಬಾಗಿಲಿಗೆ ಬರುವ ಸಲಹೆಗಾರರಿಗೆ ಲೆಕ್ಕವಿಲ್ಲ!

ವಿಮೆಯವರಿಗೆ ವಿಮೆ ಗೊತ್ತು, ಅಂಚೆಯವರಿಗೆ ಅಂಚೆ ಗೊತ್ತು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ವರ್ಷ ಆಗಿರಬೇಕು, ಗರಿಷ್ಠ 30 ಲಕ್ಷ ರೂಪಾಯಿ. ಆದರೆ 55 ದಾಟಿ 60 ತುಂಬುವ ಮೊದಲೇ ನಿವೃತ್ತರಾದವರೂ, ನಿವೃತ್ತಿ ಹಣ ಬಂದ ಮೂರು ತಿಂಗಳೊಳಗೆ ಇದಕ್ಕೆ ಸೇರಬಹುದು. ಇದು ವಿಮೆಯವರಿಗೆ ತಿಳಿಯದೆ ಹೋದರೆ ಮನೆಯವರಿಗೆ ಆ ಮೂರು ತಿಂಗಳು ಕಳೆದುಹೋಗುತ್ತದೆ. ಅದಕ್ಕೇ "ಇದು ನನ್ನ ಕೆಲಸವಲ್ಲ, ಅಂಚೆಯವರನ್ನು ಕೇಳಿ" ಎಂದು ಹೇಳುವುದೇ ನಮ್ಮೊಳಗಿನ ಸಹಕಾರ. ಆ ಮಾತಿನಿಂದ ನಮ್ಮ ಕಮಿಷನ್ ಹೋಗಬಹುದು, ಹೋಗಲಿ. ಆದರೆ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ. ಮೊದಲು ಯಾರನ್ನು ಕೇಳಿದರೋ ಅವರೇ ತಿಂಗಳು ಬಿಟ್ಟು ಹೋಗಿ "ಏನಾಯಿತು ಯಜಮಾನರೇ?" ಎಂದು ವಿಚಾರಿಸಬೇಕು. ಹೊಣೆಯನ್ನು ಹಂಚಬಹುದು, ದಾಟಿಸಬಾರದು.

ಪಿಗ್ಮಿ ವಿಷಯವೂ ಇಷ್ಟೇ. 1928ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಉಡುಪಿಯಲ್ಲಿ ಇದನ್ನು ಶುರುಮಾಡಿದರು. ಅದನ್ನು ನಡೆಸಿದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿ ಮಾತ್ರ ಊರೂರಲ್ಲಿ ಉಳಿದಿದೆ. ದಿನಾ ಬರುವ ಹುಡುಗನನ್ನು ಮನೆಮಗನಂತೆ ನಂಬುತ್ತೇವೆ. ನಂಬಬೇಕು. ಜೊತೆಗೆ ಚೀಟಿ ಕೇಳಬೇಕು, ಅದರಲ್ಲಿ ಒಟ್ಟು ಬಾಕಿ ಎಷ್ಟಿದೆ ನೋಡಬೇಕು, ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ಕಚೇರಿಯ ಲೆಡ್ಜರಿಗೆ ತಾಳೆ ನೋಡಿಸಬೇಕು. ಹಣ ತರುವವರೇ ತಾಳೆ ನೋಡಬಾರದು, ಬೇರೆಯವರು ನೋಡಬೇಕು. ಒಬ್ಬ ನಿರ್ದೇಶಕರು ತಿಂಗಳಿಗೆ ಹತ್ತು ಮನೆಗೆ ಹೋಗಿ ವಿಚಾರಿಸಿದರೆ ಸಾಕು. ಇದು ಅನುಮಾನವಲ್ಲ. ಪ್ರಾಮಾಣಿಕ ಹುಡುಗನಿಗೆ ಇದೇ ದೊಡ್ಡ ರಕ್ಷಣೆ.

ತಾಯಂದಿರಿಗೆ ಒಂದು ಮಾತು. ಸಲಹೆ ಕೊಡಲು ಯಾರೇ ಬರಲಿ, ನಾವೇ ಬರಲಿ, ನಾಲ್ಕು ಪ್ರಶ್ನೆ ಕೇಳಿ. ದುಡ್ಡು ಯಾವಾಗ ವಾಪಸು? ನಡುವೆ ಬೇಕಾದರೆ ಎಷ್ಟು ಸಿಗುತ್ತದೆ? ಇದರಲ್ಲಿ ನಿಮಗೆ ಎಷ್ಟು ಸಿಗುತ್ತದೆ, ಕೊಡುವವರು ಯಾರು? ಮುಳುಗಿದರೆ ಹೊಣೆ ಯಾರು? ನಾಲ್ಕನೆಯದು ಬಹಳ ಮುಖ್ಯ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಡಿಸಿಸಿ ಬ್ಯಾಂಕಿಗೂ ಇದೆ. ಹಳ್ಳಿಯ ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಹಬ್ಬದ ದಿನ ಇದನ್ನೇಕೆ ಹೇಳ್ತಾರೆ ಅನ್ನಬೇಡಿ. ನಿಮ್ಮ ಸಂಘಕ್ಕೆ ನೀವೇ ವಿಮೆ ಎಂದು ನೆನಪಿಸಲು ಹೇಳಿದೆವು.

ಆ ವಿಮೆಯ ಕಂತು ದುಡ್ಡಲ್ಲ, ಹಾಜರಿ. ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ಸರ್ವಸದಸ್ಯರ ಸಭೆ ನಡೆಯಬೇಕು. ಕಾಫಿ ಕುಡಿದು, ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬರಬೇಡಿ. ಲೆಕ್ಕಪರಿಶೋಧಕರು ಏನು ಆಕ್ಷೇಪಣೆ ಬರೆದಿದ್ದಾರೆ ಓದಿ ಅನ್ನಿ. ಸುಸ್ತಿಸಾಲ ಎಷ್ಟು ಕೇಳಿ. ಕೇಳುವವರನ್ನು ಜಗಳಗಂಟರು ಅನ್ನಬೇಡಿ. ಆಡಳಿತ ಮಂಡಳಿಯವರೂ ತಿಳಿದಿರಬೇಕು: ಸಂಘಕ್ಕೆ ನಷ್ಟ ಮಾಡಿದವರಿಂದ ವೈಯಕ್ತಿಕವಾಗಿ ವಸೂಲು ಮಾಡಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಲ್ಲಿ ದಾರಿ ಇದೆ. ಠರಾವು ಎಲ್ಲರದಾದರೂ ಸಹಿ ಅವರವರದು.

ಹನಿ ಹನಿ ಕೂಡಿದರೆ ಹಳ್ಳ ಅಂತಾರೆ. ಏರಿಗೆ ಒಂದು ಏಡಿಬಿಲ ಬಿದ್ದರೆ ಅದೇ ಹಳ್ಳ ಬತ್ತುವುದೂ ಹನಿ ಹನಿಯಾಗಿಯೇ. ಆ ಬಿಲವನ್ನು ಮೊದಲು ಕಂಡವರು ಮುಚ್ಚಬೇಕು, ನೀರುಗಂಟಿ ಬರಲಿ ಅಂತ ಕಾಯಬಾರದು. ನಿಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.